ಅಕ್ಕಾ, ಸೆರಗು!

ಅಕ್ಕ ತಂಗಿಯರೆ,

ಮೊದಲು ಒಂದು ಪ್ರಶ್ನೆ. ನೀವು ಬೈಕಿನ ಹಿಂದೆ ಕೂತು ಹೋಗಿದ್ದೀರಾ? ಗಂಡನ ಹಿಂದೆ, ತಮ್ಮನ ಹಿಂದೆ, ಮಗನ ಹಿಂದೆ? ಹೋಗಿಯೇ ಇರುತ್ತೀರಿ. ಸಂತೆಗೆ ಹೋಗಿರುತ್ತೀರಿ. ಆಸ್ಪತ್ರೆಗೆ ಹೋಗಿರುತ್ತೀರಿ. ಸಂಘದ ಹಣ ಕಟ್ಟಲು ಬ್ಯಾಂಕಿಗೆ ಹೋಗಿರುತ್ತೀರಿ. ಬಸ್ಸು ಬಾರದ ಊರಿಗೂ ಬೈಕು ಬರುತ್ತದೆ. ನಮ್ಮಲ್ಲಿ ಕೆಲವರು ಈಗ ತಾವೇ ಸ್ಕೂಟರು, ಮೊಪೆಡ್ ಓಡಿಸುತ್ತಾರೆ.

ಹಾಗೆ ಹೋಗುವಾಗ ನೀವು ಒಂದು ಕೂಗು ಕೇಳಿರಬಹುದು.

"ಅಕ್ಕಾ, ಸೆರಗು! ಸೆರಗು!"

ಇದು ಆ ಕೂಗಿನ ಪಾಠ. ಬನ್ನಿ, ಓದೋಣ.

ಹೆಸರು ಹೇಳದೆ ಹೋದ ತಮ್ಮ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾಳೆ. ಒಂದು ಸೋಮವಾರ ಅವಳು ತಮ್ಮನ ಬೈಕಿನಲ್ಲಿ ಸಂತೆಗೆ ಹೊರಟಳು. ಎರಡೂ ಕಾಲನ್ನು ಒಂದೇ ಕಡೆಗೆ ಹಾಕಿ ಕೂತಿದ್ದಳು. ಮಡಿಲಲ್ಲಿ ಚೀಲ ಇತ್ತು. ಒಂದು ಕೈ ಚೀಲದ ಮೇಲೆ. ಇನ್ನೊಂದು ಕೈ ತಮ್ಮನ ಹೆಗಲ ಮೇಲೆ.

ಗಾಳಿ ಜೋರಾಗಿತ್ತು. ಸೆರಗು ಜಾರಿತು. ಹಿಂದಿನ ಚಕ್ರದ ಹತ್ತಿರ ಹಾರಾಡತೊಡಗಿತು. ಅವಳಿಗೆ ಗೊತ್ತಾಗಲಿಲ್ಲ. ರಸ್ತೆ ನೋಡುತ್ತಿದ್ದ ತಮ್ಮನಿಗೆ ಹೇಗೆ ಗೊತ್ತಾಗಬೇಕು?

ಹಿಂದಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಹಾರ್ನ್ ಹೊಡೆದ. ಮತ್ತೆ ಹೊಡೆದ. ಅಕ್ಕನಿಗೆ ಸಿಟ್ಟು ಬಂತು. "ಯಾವನೋ ಇವನು, ಹೆಂಗಸರನ್ನ ಕಂಡ್ರೆ ಹಾರ್ನ್ ಹೊಡೀತಾನೆ" ಅಂದುಕೊಂಡಳು. ಮುಖ ತಿರುಗಿಸಿದಳು. ಹುಡುಗ ಪಕ್ಕಕ್ಕೇ ಬಂದು ಕೂಗಿದ.

"ಅಕ್ಕಾ, ಸೆರಗು! ಚಕ್ರಕ್ಕೆ ಸಿಗ್ತದೆ, ನೋಡ್ಕೊಳ್ಳಿ!"

ಅಕ್ಕ ಗಾಬರಿಯಿಂದ ಸೆರಗು ಎಳೆದುಕೊಂಡಳು. ಸೆರಗಿನ ಅಂಚಿಗೆ ಕಪ್ಪು ಎಣ್ಣೆ ಹತ್ತಿತ್ತು. ಒಂದು ಮೂಲೆ ಹರಿದಿತ್ತು. ಅವಳು ತಲೆ ಎತ್ತಿ ನೋಡಿದಳು. ಹುಡುಗ ಆಗಲೇ ಮುಂದೆ ಹೋಗಿದ್ದ. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ.

ಅವನ ಹೆಸರು ಏನು? ಯಾವ ಊರು? ಯಾವ ಜಾತಿ? ಅವಳಿಗೆ ಗೊತ್ತಿಲ್ಲ. ಅವನೂ ಅವಳದ್ದು ಕೇಳಲಿಲ್ಲ.

ಒಂದು ಸೆರಗು ಏನು ಮಾಡೀತು?

ನೀವು ಕೇಳಬಹುದು, ಒಂದು ಸೆರಗಿಗೆ ಇಷ್ಟು ಮಾತು ಯಾಕೆ ಎಂದು. ಲೆಕ್ಕ ಮಾಡಿ ನೋಡೋಣ.

ಬೈಕು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ ಅನ್ನಿ. ಆಗ ಅದರ ಚಕ್ರ ಒಂದು ಸೆಕೆಂಡಿಗೆ ಸುಮಾರು 6 ಸುತ್ತು ತಿರುಗುತ್ತದೆ. ಒಂದು ಸೆಕೆಂಡು ಅಂದರೆ ಬಹಳ ಸ್ವಲ್ಪ ಹೊತ್ತು. ಅಷ್ಟರಲ್ಲಿ ಸೆರಗು ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಕೂತವಳನ್ನು ಕೆಳಕ್ಕೆ ಎಳೆಯುತ್ತದೆ. ವೇಲು ಕುತ್ತಿಗೆಗೆ ಸುತ್ತಿದ್ದರೆ ಕುತ್ತಿಗೆಯನ್ನೇ ಬಿಗಿಯುತ್ತದೆ. ಕಿರುಚಲೂ ಸಮಯ ಇರುವುದಿಲ್ಲ.

ಇದಕ್ಕಾಗಿಯೇ ಕಾನೂನಿನಲ್ಲಿ ಒಂದು ನಿಯಮ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದು 123ನೆಯ ನಿಯಮ. ಬೈಕಿನ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವಂತೆ ತಡೆ ಇರಬೇಕು. ಕೂತವರ ಬಟ್ಟೆ ಚಕ್ರಕ್ಕೆ ಸಿಗಬಾರದು. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿಕೆ ಇರಬೇಕು. ಕಾಲಿಡಲು ಜಾಗ ಇರಬೇಕು. ಚಕ್ರದ ತಡೆಯನ್ನು ನಾವು ಸೀರೆ ಗಾರ್ಡ್ ಅನ್ನುತ್ತೇವೆ. ಕೆಲವು ಹುಡುಗರು ಚಂದಕ್ಕೆ ಎಂದು ಅದನ್ನು ಬಿಚ್ಚಿ ಹಾಕುತ್ತಾರೆ. ನಿಮ್ಮ ಮನೆಯ ಬೈಕಿಗೆ ಸೀರೆ ಗಾರ್ಡ್ ಇದೆಯೇ? ಇವತ್ತೇ ನೋಡಿ. ಬಿಚ್ಚಿದ್ದರೆ ಹಾಕಿಸಿ.

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಆಮೇಲೆ ಬೈಕು ಹತ್ತಿ.

ರಸ್ತೆಗೂ ಒಂದು ಭಾಷೆ ಇದೆ

ಬೈಕಿನವರು ಒಬ್ಬರಿಗೊಬ್ಬರು ಸನ್ನೆಯಲ್ಲಿ ಮಾತಾಡುತ್ತಾರೆ. ಈ ಭಾಷೆಗೆ ಅಕ್ಷರ ಇಲ್ಲ. ಶಾಲೆಯೂ ಇಲ್ಲ. ಆದರೆ ಬಹಳ ಜನಕ್ಕೆ ಬರುತ್ತದೆ.

"ಸ್ಟ್ಯಾಂಡ್! ಸ್ಟ್ಯಾಂಡ್!" ಎಂದು ಕೂಗಿ ಕೆಳಗೆ ಬೆರಳು ತೋರಿಸುತ್ತಾರೆ. ಅಂದರೆ, ನೀವು ಪಕ್ಕದ ಸ್ಟ್ಯಾಂಡನ್ನು ಮೇಲಕ್ಕೆ ಮಡಚಿಲ್ಲ ಎಂದು ಅರ್ಥ. ಸ್ಟ್ಯಾಂಡ್ ಕೆಳಗಿದ್ದರೆ ತಿರುವಿನಲ್ಲಿ ನೆಲಕ್ಕೆ ತಾಗುತ್ತದೆ. ಗಾಡಿ ಮಗುಚುತ್ತದೆ.

ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸುತ್ತಾರೆ. ಅಂದರೆ, ನಿಧಾನ ಮಾಡಿ, ಮುಂದೆ ಏನೋ ಇದೆ ಎಂದು ಅರ್ಥ. ಗುಂಡಿ ಇರಬಹುದು. ದನ ಇರಬಹುದು. ಮರ ಬಿದ್ದಿರಬಹುದು.

ಮುಷ್ಟಿಯನ್ನು ಬಿಚ್ಚಿ ಮುಚ್ಚಿ ಮಾಡುತ್ತಾರೆ. ಅಂದರೆ, ಹಗಲಿನಲ್ಲಿ ನಿಮ್ಮ ದೀಪ ಉರಿಯುತ್ತಿದೆ ಎಂದು ಅರ್ಥ. ಇದು ಹಳೆಯ ಸನ್ನೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ದೀಪ ತಾನಾಗಿಯೇ ಹಗಲೂ ಉರಿಯುವಂತೆ ನಿಯಮ ಬಂತು. ಎದುರಿನವರಿಗೆ ಗಾಡಿ ಚೆನ್ನಾಗಿ ಕಾಣಲಿ ಎಂದು ಹೀಗೆ ಮಾಡಿದ್ದಾರೆ. ಆದರೂ ಹಳಬರು ಇನ್ನೂ ಆ ಸನ್ನೆ ಮಾಡುತ್ತಾರೆ. ಅವರ ಒಳ್ಳೆಯ ಅಭ್ಯಾಸ ಬಿಟ್ಟಿಲ್ಲ.

ಗಾಡಿ ಕೆಟ್ಟು ನಿಂತಾಗಲೂ ಹೀಗೆಯೇ. ಸುಡು ಬಿಸಿಲು. ಹತ್ತಿರ ಊರಿಲ್ಲ. ಬೈಕು ತಳ್ಳಿಕೊಂಡು ಹೋಗುವವನನ್ನು ಕಂಡರೆ ಇನ್ನೊಬ್ಬ ಬೈಕಿನವನು ನಿಲ್ಲಿಸಿ ಕೇಳುತ್ತಾನೆ.

"ಯಾಕಣ್ಣಾ, ಪೆಟ್ರೋಲ್ ಖಾಲೀನಾ? ಪಂಚರ್ರಾ?"

ಪೆಟ್ರೋಲ್ ಖಾಲಿ ಆಗಿದ್ದರೆ ಅವನನ್ನು ಬಂಕಿಗೆ ಕರೆದುಕೊಂಡು ಹೋಗಿ ಬರುತ್ತಾನೆ. ಚೈನು ಕಳಚಿದ್ದರೆ ಮಣ್ಣಲ್ಲೇ ಕೂತು ಹಾಕಿಕೊಡುತ್ತಾನೆ. ಮುಂದಿನ ಊರಿನ ಪಂಚರ್ ಅಂಗಡಿಯವನಿಗೆ ವಿಷಯ ಮುಟ್ಟಿಸುತ್ತಾನೆ. ದುಡ್ಡು ಕೊಡಲು ಹೋದರೆ, "ಇರ್ಲಿ ಬಿಡಣ್ಣಾ, ನಾಳೆ ನಂದೂ ಕೆಟ್ಟೀತು" ಅನ್ನುತ್ತಾನೆ.

ಅವನು ಯಾಕೆ ಹಾಗೆ ಅಂದ? ಕಾರಿನವರಿಗೆ ಸುತ್ತ ಗೋಡೆ ಇದೆ, ಮೇಲೆ ಸೂರು ಇದೆ. ಬೈಕಿನವನಿಗೆ ಏನೂ ಇಲ್ಲ. ಮಳೆ ಬಂದರೆ ನೆನೆಯುತ್ತಾನೆ. ಬಿದ್ದರೆ ಮೈ ನೇರ ನೆಲಕ್ಕೆ ಬಡಿಯುತ್ತದೆ. ಇನ್ನೊಬ್ಬ ಬೈಕಿನವನ ಕಷ್ಟ ಅವನಿಗೆ ಬೇಗ ಅರ್ಥ ಆಗುತ್ತದೆ.

ಬೈಕಿನಲ್ಲಿ ಆಂಬುಲೆನ್ಸ್

ನಮ್ಮ ದೇಶದ ಇನ್ನೊಂದು ಮೂಲೆಯಲ್ಲಿ ಒಬ್ಬ ಮನುಷ್ಯ ಬೈಕಿನಿಂದ ಎಷ್ಟು ದೊಡ್ಡ ಉಪಕಾರ ಮಾಡಿದ್ದಾರೆ, ನೋಡಿ.

ಅವರ ಹೆಸರು ಕರೀಮುಲ್ ಹಕ್. ಪಶ್ಚಿಮ ಬಂಗಾಳದ ಜಲಪಾಯಿಗುಡಿ ಜಿಲ್ಲೆಯವರು. ಟೀ ತೋಟದಲ್ಲಿ ಕೂಲಿ ಮಾಡುತ್ತಿದ್ದರು. 1995ರಲ್ಲಿ ಒಂದು ರಾತ್ರಿ ಅವರ ತಾಯಿಗೆ ತುಂಬ ಹುಷಾರಿಲ್ಲದಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಲು ಗಾಡಿ ಸಿಗಲಿಲ್ಲ. ತಾಯಿ ಮನೆಯಲ್ಲೇ ತೀರಿಕೊಂಡರು.

ಆ ನೋವು ಅವರ ಎದೆಯಲ್ಲಿ ಉಳಿಯಿತು. ಮುಂದೆ ಒಂದು ದಿನ ಜೊತೆಗೆ ಕೆಲಸ ಮಾಡುವವನೊಬ್ಬ ತೋಟದಲ್ಲಿ ಕುಸಿದು ಬಿದ್ದ. ಕರೀಮುಲ್ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡರು. ತಮ್ಮ ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಮುಟ್ಟಿಸಿದರು. ಅವನು ಉಳಿದ. ಆವತ್ತಿನಿಂದ ಅವರ ಬೈಕು ಸುತ್ತಲಿನ ಹಳ್ಳಿಗಳ ಆಂಬುಲೆನ್ಸ್ ಆಯಿತು. ಸಾವಿರಾರು ರೋಗಿಗಳನ್ನು ಅವರು ಬಿಟ್ಟಿಯಾಗಿ ಆಸ್ಪತ್ರೆಗೆ ಸೇರಿಸಿದರು. ಜನ ಅವರನ್ನು "ಬೈಕ್ ಆಂಬುಲೆನ್ಸ್ ದಾದಾ" ಎಂದು ಕರೆದರು. ದಾದಾ ಅಂದರೆ ಬಂಗಾಳಿಯಲ್ಲಿ ಅಣ್ಣ. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಕೊಟ್ಟಿತು.

ನಮ್ಮ ಕರ್ನಾಟಕದಲ್ಲೂ 2015ರಲ್ಲಿ ಸರ್ಕಾರ ಬೈಕ್ ಆಂಬುಲೆನ್ಸ್ ಶುರು ಮಾಡಿತು. ದೊಡ್ಡ ಗಾಡಿ ನುಗ್ಗಲಾರದ ಕಡೆಗೂ ಬೈಕು ನುಗ್ಗುತ್ತದೆ ಎಂಬುದೇ ಅದರ ಹಿಂದಿನ ಯೋಚನೆ.

ಸುತ್ತ ನಿಂತವರು

ಇಷ್ಟು ಹೊತ್ತು ಒಳ್ಳೆಯದನ್ನೇ ಹೇಳಿದೆವು. ಈಗ ಒಂದು ನೋವಿನ ಮಾತು.

2016ರ ಫೆಬ್ರವರಿ 16. ಹರೀಶ್ ಎಂಬ ಯುವಕ ಬೈಕಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದರು. ನೆಲಮಂಗಲದ ಹತ್ತಿರ ಲಾರಿ ಹೊಡೆಯಿತು. ಮೈ ಜಜ್ಜಿ ಹೋಗಿತ್ತು. ಆದರೂ ಮಾತಾಡುತ್ತಿದ್ದರು. ಸಹಾಯಕ್ಕೆ ಬೇಡುತ್ತಿದ್ದರು. ಸುತ್ತ ಜನ ಸೇರಿದರು. ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತಿದ್ದರು ಎಂದು ಪತ್ರಿಕೆಗಳು ಬರೆದವು. ಆಂಬುಲೆನ್ಸ್ ಬಂದು ಅವರನ್ನು ಆಸ್ಪತ್ರೆಗೆ ಸಾಗಿಸಿತು. ಪ್ರಾಣ ಉಳಿಯಲಿಲ್ಲ. ಆ ಸಂಕಟದಲ್ಲೂ ಹರೀಶ್ ಒಂದು ಮಾತು ಹೇಳಿದ್ದರು. ತಮ್ಮ ಅಂಗಗಳನ್ನು ದಾನ ಮಾಡಿ ಎಂದು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಮರು ತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಒಂದು ಯೋಜನೆ ತಂದಿತು. ಅದರ ಹೆಸರು ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಚಿಕಿತ್ಸೆ ಕೊಡುವ ಯೋಜನೆ ಅದು.

ಆವತ್ತು ಸುತ್ತ ನಿಂತವರೆಲ್ಲ ಕೆಟ್ಟವರೇ? ಹಾಗೆ ಹೇಳಬೇಡಿ. ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಿದೆವು. "ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಏನು ಮಾಡ್ತೀರಿ?" ಅಕ್ಕಂದಿರು ಸುಳ್ಳು ಹೇಳಲಿಲ್ಲ.

"ಪೊಲೀಸ್ ಕಾಟ ಯಾರಿಗೆ ಬೇಕು?"

"ಕೋರ್ಟು ಕಚೇರಿ ಅಲೀಬೇಕಾಗ್ತದೆ."

"ನಾವೇ ಗುದ್ದಿದ್ದು ಅಂದ್ಬಿಟ್ರೆ?"

"ಆಸ್ಪತ್ರೇಲಿ ದುಡ್ಡು ಕಟ್ಟು ಅಂತಾರೆ. ಎಲ್ಲಿಂದ ತರಾಣ?"

ನೋಡಿ, ಇವರಿಗೆ ಕರುಣೆ ಇಲ್ಲ ಅಂತಲ್ಲ. ಭಯ ಇದೆ. ಭಯ ಹೋಗಬೇಕಾದರೆ ಕಾನೂನು ಗೊತ್ತಿರಬೇಕು.

ಕಾನೂನು ನಮ್ಮ ಕಡೆ ಇದೆ

2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಬಿದ್ದವರಿಗೆ ಸಹಾಯ ಮಾಡಿದವರನ್ನು ಯಾರೂ ಪೀಡಿಸಬಾರದು ಎಂದಿತು. ನಮ್ಮ ರಾಜ್ಯವೂ ಇದಕ್ಕಾಗಿ ಒಂದು ಕಾಯಿದೆ ಮಾಡಿತು. 2019ರಲ್ಲಿ ಇಡೀ ದೇಶದ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಂ ಸೇರಿತು. 2020ರಲ್ಲಿ ಅದರ ನಿಯಮಗಳು ಬಂದವು. ಅವು ಏನು ಹೇಳುತ್ತವೆ?

1. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಲು ಹೋದಾಗ ಗಾಯಾಳುವಿಗೆ ಏನಾದರೂ ಹೆಚ್ಚುಕಮ್ಮಿ ಆದರೆ, ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ.

2. ಸಹಾಯ ಮಾಡಿದವರ ಹೆಸರು, ವಿಳಾಸ, ಫೋನ್ ನಂಬರನ್ನು ಬಲವಂತವಾಗಿ ಕೇಳುವಂತಿಲ್ಲ. ಇಷ್ಟ ಇದ್ದರೆ ಮಾತ್ರ ಹೇಳಬಹುದು.

3. ಸಾಕ್ಷಿ ಹೇಳು ಎಂದು ಬಲವಂತ ಮಾಡುವಂತಿಲ್ಲ.

4. ಜಾತಿ, ಧರ್ಮ, ಗಂಡು, ಹೆಣ್ಣು ಎಂಬ ಭೇದ ಮಾಡದೆ ಅವರನ್ನು ಮರ್ಯಾದೆಯಿಂದ ಕಾಣಬೇಕು.

5. ಈ ಹಕ್ಕುಗಳನ್ನು ಬರೆದ ಫಲಕವನ್ನು ಆಸ್ಪತ್ರೆಗಳು ಬಾಗಿಲ ಹತ್ತಿರ ಹಾಕಬೇಕು. ಜನರ ಭಾಷೆಯಲ್ಲಿ ಹಾಕಬೇಕು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಫಲಕ ಹುಡುಕಿ. ಈಗ ನಿಮಗೆ ಓದು ಬರುತ್ತದೆ. ನಿಂತು ಓದಿ. ಇಲ್ಲದಿದ್ದರೆ "ಎಲ್ಲಿದೆ ಫಲಕ?" ಎಂದು ಕೇಳಿ.

ದುಡ್ಡಿನ ಮಾತು ಉಳಿಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು. ವಾಹನದಿಂದ ರಸ್ತೆ ಅಪಘಾತಕ್ಕೆ ಸಿಕ್ಕಿದವರಿಗೆ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನ, 1,50,000 ರೂಪಾಯಿವರೆಗೆ ಚಿಕಿತ್ಸೆ. ಕೈಯಿಂದ ಮೊದಲು ಹಣ ಕಟ್ಟಬೇಕಿಲ್ಲ. ಬೈಕಿನಿಂದ ಬಿದ್ದವರಿಗೂ ಇದು ಸಿಗುತ್ತದೆ. ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಬಹುಮಾನವೂ ಇದೆ. 2021ರಲ್ಲಿ ಅದು 5,000 ರೂಪಾಯಿ ಇತ್ತು. 2025ರಲ್ಲಿ 25,000 ರೂಪಾಯಿ ಆಯಿತು.

ಆ ಮೊದಲ ಒಂದು ಗಂಟೆಯನ್ನು ಚಿನ್ನದ ಗಂಟೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಆಸೆ ಹೆಚ್ಚು. ರಸ್ತೆಯಲ್ಲಿ ರಕ್ತ ಹರಿಯುತ್ತಿರುವಾಗ ಒಂದೊಂದು ನಿಮಿಷವೂ ಒಂದೊಂದು ಬಂಗಾರದ ಗುಂಡು. ಅದನ್ನು ಸುಮ್ಮನೆ ನಿಂತು ಕಳೆಯಬಾರದು.

ಕಲ್ಲು ಓದಿದ ಅಕ್ಕ

ಈಗ ನಮ್ಮ ಅಕ್ಕನ ಕತೆಗೆ ಮತ್ತೆ ಬರೋಣ. ಅದೇ, ಸೆರಗಿನ ಅಕ್ಕ.

ಸುಗ್ಗಿಯ ಕಾಲ. ನಮ್ಮ ಊರಿನವರು ಹುರುಳಿ ಕಿತ್ತು ತಂದಿದ್ದರು. ಒಕ್ಕಲು ಕಣ ಯಾರು ಮಾಡುತ್ತಾರೆ? ಡಾಂಬರು ರಸ್ತೆಯ ಮೇಲೇ ಹರಡಿದೆವು. ಬಸ್ಸು, ಲಾರಿ ಅದರ ಮೇಲೆ ಹೋದರೆ ಕಾಳು ತಾನೇ ಉದುರುತ್ತದೆ. ಎತ್ತು ಬೇಡ, ಗುಂಡು ಬೇಡ. ಹೌದು, ನಾವೇ ಹರಡಿದ್ದು. ಮುಚ್ಚಿಡುವುದು ಯಾಕೆ?

ಸಂಜೆ ಆರೂವರೆ. ಅಕ್ಕ ತಮ್ಮನ ಬೈಕಿನಲ್ಲಿ ಊರಿಗೆ ಬರುತ್ತಿದ್ದಳು. ಮುಂದೆ ಒಬ್ಬ ಹುಡುಗನ ಬೈಕು ಹೋಗುತ್ತಿತ್ತು. ಹುರುಳಿ ಸೊಪ್ಪಿನ ಮೇಲೆ ಅವನ ಚಕ್ರ ಜಾರಿತು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಅವನು ಎದ್ದೇಳಲಿಲ್ಲ.

ಆವತ್ತಿನ ಹುಡುಗನೇ ಇವನು? ಅಲ್ಲ. ಇವನು ಬೇರೆ.

ತಮ್ಮ ಬೈಕು ನಿಲ್ಲಿಸಿದ. ಕೈಕಾಲು ನಡುಗುತ್ತಿದ್ದವು. "ಅಕ್ಕಾ, ಹೋಗ್ಬಿಡಾಣ. ನಾವೇ ಗುದ್ದಿದ್ದು ಅಂತಾರೆ" ಅಂದ.

"ಸುಮ್ನಿರೋ" ಅಂದಳು ಅಕ್ಕ. "ಕೇಸು ಹಾಕಂಗಿಲ್ಲ. ಕೇಂದ್ರದಲ್ಲಿ ಓದೀವಿ. ಮೊದಲು 108ಕ್ಕೆ ಫೋನ್ ಮಾಡು."

ಫೋನ್ ಹತ್ತಿತು. "ಎಲ್ಲಿದ್ದೀರಿ?" ಎಂದು ಆ ಕಡೆಯಿಂದ ಕೇಳಿದರು. ತಮ್ಮ ತಡವರಿಸಿದ. "ಇಲ್ಲೇ ಸಾರ್... ರೋಡಲ್ಲಿ... ಹೊಲ ಐತೆ..." ಕತ್ತಲಾಗುತ್ತಿತ್ತು. ಎರಡೂ ಕಡೆ ಹೊಲ. ಯಾವ ಗುರುತೂ ಇಲ್ಲ. ಯಾವ ಗಾಡಿಯೂ ಬರಲಿಲ್ಲ.

ಅಕ್ಕ ಅತ್ತ ಇತ್ತ ನೋಡಿದಳು. ಸ್ವಲ್ಪ ದೂರದಲ್ಲಿ ಮೈಲಿಗಲ್ಲು ಕಂಡಿತು. ಓಡಿದಳು. ಮೊಬೈಲಿನ ಬೆಳಕು ಬಿಟ್ಟಳು. ಆ ಕಲ್ಲನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅದರ ಮೇಲೆ ಕೂತು ಹುಣಸೆಹಣ್ಣು ತಿಂದಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಯಾವತ್ತೂ ಗೊತ್ತಿರಲಿಲ್ಲ. ಆವತ್ತು ಬೆರಳು ಇಟ್ಟು ಓದಿದಳು.

"ತಿ... ಪ... ಟೂ... ರು. ತಿಪಟೂರು. ಹದಿನಾಲ್ಕು."

ಓಡಿ ಬಂದು ಫೋನಿನಲ್ಲಿ ಹೇಳಿದಳು. "ತಿಪಟೂರು 14 ಅಂತ ಕಲ್ಲೈತೆ ಸಾರ್. ಆ ಕಲ್ಲಿನ ಹತ್ರಾನೇ ಇದ್ದೀವಿ. ಹುಡುಗನಿಗೆ ಉಸಿರಾಡ್ತಾ ಐತೆ. ಎಚ್ಚರ ಇಲ್ಲ. ಬೇಗ ಬನ್ನಿ."

ಆಮೇಲೆ ತಮ್ಮ ಬೈಕಿನ ದೀಪ ಉರಿಸಿ ರಸ್ತೆ ಪಕ್ಕ ನಿಲ್ಲಿಸಿದ. ಹಿಂದೆ ಬರುವವರಿಗೆ ತಿಳಿಯಲಿ ಎಂದು ಸೊಪ್ಪಿನ ಕೊಂಬೆ ಮುರಿದು ಇಟ್ಟ. ಹುಡುಗನ ಕಾಲಿನಿಂದ ರಕ್ತ ಬರುತ್ತಿತ್ತು. ಅಕ್ಕ ಚೀಲದಿಂದ ಒಗೆದ ಟವೆಲ್ ತೆಗೆದು ಗಾಯದ ಮೇಲೆ ಒತ್ತಿ ಹಿಡಿದಳು. ಕೈ ತೆಗೆಯಲಿಲ್ಲ. ಆಂಬುಲೆನ್ಸ್ ಬರುವವರೆಗೂ ಹಾಗೇ ಕೂತಿದ್ದಳು.

ಹುಡುಗ ಉಳಿದ. ಹೆಲ್ಮೆಟ್ ಹಾಕಿದ್ದ. ತಲೆಗೆ ದೊಡ್ಡ ಪೆಟ್ಟು ಆಗಿರಲಿಲ್ಲ. ಎರಡು ತಿಂಗಳ ಮೇಲೆ ಅವನ ತಾಯಿ ನಮ್ಮ ಊರು ಹುಡುಕಿಕೊಂಡು ಬಂದಳು. ಅಕ್ಕನ ಕೈ ಹಿಡಿದು ಅತ್ತಳು. ನಾವೆಲ್ಲ ಅಲ್ಲೇ ಇದ್ದೆವು. ಆ ತಾಯಿಯ ಮುಖ ನೋಡಲು ನಮಗೆ ಆಗಲಿಲ್ಲ. ಹುರುಳಿ ಹರಡಿದ್ದು ನಾವೇ ಅಲ್ಲವೇ?

ಅಕ್ಕನೇ ಆ ಮಾತು ತೆಗೆದಳು. "ನನಗೆ ಕೈ ಮುಗೀಬೇಡಮ್ಮಾ. ನಿನ್ನ ಮಗ ಬಿದ್ದಿದ್ದು ನಮ್ಮ ಹುರುಳಿ ಮೇಲೆ."

ಆ ವರ್ಷದ ಮೇಲೆ ನಮ್ಮ ಊರಿನವರು ರಸ್ತೆಯಲ್ಲಿ ಒಕ್ಕಣೆ ಮಾಡಿಲ್ಲ. ಸಂಘದವರು ಸೇರಿ ಊರ ಹೊರಗಿನ ಜಾಗ ಸಮ ಮಾಡಿ, ಸಗಣಿ ಸಾರಿಸಿ ಕಣ ಮಾಡಿಕೊಂಡೆವು.

ಹೇಗೆ ಸಹಾಯ ಮಾಡಬೇಕು?

ಮನಸ್ಸು ಇದ್ದರೆ ಸಾಲದು. ಮಾಡುವ ಕ್ರಮವೂ ಗೊತ್ತಿರಬೇಕು.

ಮಾಡಬೇಕಾದ್ದು:

ಮೊದಲು 108ಕ್ಕೆ ಫೋನ್ ಮಾಡಿ. ಈ ಕರೆಗೆ ದುಡ್ಡಿಲ್ಲ. ಕರ್ನಾಟಕದಲ್ಲಿ ಈ ಸೇವೆ 2008ರಲ್ಲಿ ಶುರುವಾಯಿತು. 112ಕ್ಕೂ ಮಾಡಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ.

ಎಲ್ಲಿದ್ದೀರಿ ಎಂದು ಸರಿಯಾಗಿ ಹೇಳಿ. ಮೈಲಿಗಲ್ಲು ಓದಿ. ಕಲ್ಲಿನ ತಲೆ ಹಳದಿ ಇದ್ದರೆ ಅದು ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಲ್ಲು ಕಾಣದಿದ್ದರೆ ಅಂಗಡಿ ಬೋರ್ಡು, ಶಾಲೆ ಬೋರ್ಡು, ಬಸ್ ನಿಲ್ದಾಣದ ಹೆಸರು ಓದಿ.

ಹಿಂದೆ ಬರುವ ಗಾಡಿಗಳಿಗೆ ಸನ್ನೆ ಮಾಡಿ. ಇಲ್ಲದಿದ್ದರೆ ಇನ್ನೊಂದು ಅಪಘಾತ ಆದೀತು.

ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಗಾಳಿ ಆಡಲು ಬಿಡಿ. ಜನರನ್ನು ದೂರ ಸರಿಸಿ. "ಹೆದರಬೇಡಪ್ಪಾ, ನಾವಿದ್ದೇವೆ" ಎಂದು ಹೇಳಿ. ಈ ಮಾತೂ ಒಂದು ಔಷಧವೇ.

ಮಾಡಬಾರದ್ದು:

ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ನೀರು ಉಸಿರಿನ ಕೊಳವೆಗೆ ಹೋಗಿ ಜೀವವೇ ಹೋದೀತು.

ಹೆಲ್ಮೆಟ್ ಎಳೆದು ತೆಗೆಯಬೇಡಿ. ಕುತ್ತಿಗೆ ಮೂಳೆ ಮುರಿದಿದ್ದರೆ ಇನ್ನಷ್ಟು ಅಪಾಯ. ಉಸಿರೇ ಆಡುತ್ತಿಲ್ಲ ಎಂದಾಗ ಮಾತ್ರ, ಒಬ್ಬರು ತಲೆ ಕುತ್ತಿಗೆ ಅಲುಗದಂತೆ ಹಿಡಿದು, ಇನ್ನೊಬ್ಬರು ಮೆಲ್ಲಗೆ ತೆಗೆಯಬೇಕು.

ಬೆನ್ನು, ಕುತ್ತಿಗೆಗೆ ಪೆಟ್ಟಾದವರನ್ನು ಎತ್ತಿ ಕೂರಿಸಬೇಡಿ. ಬೈಕಿನಲ್ಲಿ ಸಾಗಿಸಬೇಡಿ. ಕಾಯಿಲೆಯವರನ್ನು ಬೈಕಿನಲ್ಲಿ ಒಯ್ಯುವುದು ಬೇರೆ. ಬಿದ್ದು ಮೂಳೆ ಮುರಿದವರನ್ನು ಒಯ್ಯುವುದು ಬೇರೆ.

ಕೆಟ್ಟ ಬೈಕನ್ನು ಇನ್ನೊಂದು ಬೈಕಿನಿಂದ ಕಾಲು ಕೊಟ್ಟು ತಳ್ಳುವುದನ್ನು ನೋಡಿರುತ್ತೀರಿ. ಅದು ಸಹಾಯದಂತೆ ಕಾಣುತ್ತದೆ. ಆದರೆ ಇಬ್ಬರೂ ಬೀಳಬಹುದು. ಬೇಡ ಎನ್ನಿ.

ಜಾಗ್ರತೆಯೂ ಇರಲಿ

ಸಹಾಯ ಮಾಡುವುದು ಒಳ್ಳೆಯದು. ಆದರೆ ಕಣ್ಣು ಮುಚ್ಚಿಕೊಂಡು ಮಾಡಬೇಕಿಲ್ಲ. ನೀವು ಒಬ್ಬರೇ ಇದ್ದೀರಿ, ಕತ್ತಲು ಇದೆ, ಏನೋ ಸರಿ ಇಲ್ಲ ಎಂದು ಅನ್ನಿಸಿದರೆ ಅಲ್ಲಿ ನಿಲ್ಲಬೇಡಿ. ಮುಂದೆ ಜನ ಇರುವ ಕಡೆ ಹೋಗಿ. ಅಲ್ಲಿಂದ 112ಕ್ಕೆ ಫೋನ್ ಮಾಡಿ. ಅದೂ ಸಹಾಯವೇ. ಗುರುತಿಲ್ಲದವರ ಬೈಕು ಹತ್ತುವ ಮೊದಲು ಯೋಚಿಸಿ. ಗಾಡಿಯ ನಂಬರು ಓದಿ, ಮನೆಯವರಿಗೆ ಫೋನಿನಲ್ಲಿ ಹೇಳಿ. ಅಕ್ಷರ ಕಲಿತದ್ದು ಇದಕ್ಕೂ ಬರುತ್ತದೆ.

ಓಡಿಸುವವರ ಜೊತೆ ಹಿಂದೆ ಕೂತವರೂ ಹೆಲ್ಮೆಟ್ ಹಾಕಬೇಕು. "ಹೂ ಮುಡಿದೀನಿ, ಹೆಂಗೆ ಹಾಕ್ಲಿ?" ಅನ್ನಬೇಡಿ. ತಲೆ ಇದ್ದರೆ ತಾನೇ ಹೂ? ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಕುತ್ತಿಗೆಯ ಪಟ್ಟಿ ಬಿಗಿಯಾಗಿ ಹಾಕಿ. ಒಂದು ಬೈಕಿನಲ್ಲಿ ಇಬ್ಬರೇ ಹೋಗಬೇಕು.

ಋಣ ತೀರಿಸುವುದು ಹೇಗೆ?

ಸೆರಗು ಎಂದು ಕೂಗಿದ ಹುಡುಗನನ್ನು ಅಕ್ಕ ಮತ್ತೆ ನೋಡಲೇ ಇಲ್ಲ. ಅವನಿಗೆ ಒಂದು ಲೋಟ ನೀರು ಕೊಡಲೂ ಆಗಲಿಲ್ಲ. "ಆ ಋಣ ಹೆಂಗೆ ತೀರಿಸಾದು ಅಂತ ಯೋಚ್ನೆ ಇತ್ತು" ಎಂದು ಅವಳು ಒಮ್ಮೆ ಕೇಂದ್ರದಲ್ಲಿ ಹೇಳಿದಳು. "ಈಗ ಗೊತ್ತಾಯ್ತು. ಕೊಟ್ಟೋನಿಗೇ ವಾಪಸ್ ಕೊಡಬೇಕು ಅಂತೇನಿಲ್ಲ. ಮುಂದೆ ಸಿಕ್ಕೋರಿಗೆ ಕೊಡೋದು."

ಅಕ್ಕ ತಂಗಿಯರೆ, ನಿಮ್ಮ ಹತ್ತಿರ ಬೈಕು ಇಲ್ಲದಿರಬಹುದು. ಆದರೆ ರಸ್ತೆ ನಿಮ್ಮ ಮನೆಯ ಮುಂದೆಯೇ ಹೋಗುತ್ತದೆ. ಅದರ ಮೇಲೆ ಹೋಗುವವನು ಯಾರದೋ ಮಗ, ಯಾರದೋ ತಮ್ಮ. ರಸ್ತೆಗೆ ಹುರುಳಿ ಹರಡದಿರುವುದೂ ಒಂದು ಸಹಾಯ. ಕಲ್ಲು ಓದಿ ಜಾಗ ಹೇಳುವುದೂ ಒಂದು ಸಹಾಯ.

ನಾಳೆ ನಿಮ್ಮ ಮುಂದೆ ಒಂದು ಸೆರಗು ಚಕ್ರದ ಹತ್ತಿರ ಹಾರಾಡೀತು. ನಾಚಿಕೆ ಬೇಡ. ಜೋರಾಗಿ ಕೂಗಿ.

"ಅಕ್ಕಾ, ಸೆರಗು!"

ಹೊಸ ಪದಗಳು

ಗಾಯಾಳು: ಗಾಯ ಆದವರು
ಚಿಕಿತ್ಸೆ: ಕಾಯಿಲೆಗೆ, ಗಾಯಕ್ಕೆ ಮಾಡುವ ಆರೈಕೆ
ತೀರ್ಪು: ಕೋರ್ಟು ಕೊಡುವ ಕೊನೆಯ ಮಾತು
ಕಲಂ: ಕಾಯಿದೆಯ ಒಂದು ಭಾಗ
ಒಕ್ಕಣೆ: ಬೆಳೆಯಿಂದ ಕಾಳು ಬಿಡಿಸುವುದು

ಮಾತಾಡೋಣ

1. ದಾರಿಯಲ್ಲಿ ಗುರುತಿಲ್ಲದವರು ನಿಮಗೆ ಸಹಾಯ ಮಾಡಿದ್ದು ನೆನಪಿದೆಯೇ? ಎಲ್ಲರಿಗೂ ಹೇಳಿ.
2. ತಮ್ಮ "ಹೋಗ್ಬಿಡಾಣ" ಅಂದ. ಯಾಕೆ ಅಂದ? ನೀವು ಅಲ್ಲಿದ್ದರೆ ಏನು ಮಾಡುತ್ತಿದ್ದಿರಿ?
3. ನಿಮ್ಮ ಊರಿನಲ್ಲಿ ರಸ್ತೆಯ ಮೇಲೆ ಒಕ್ಕಣೆ ಮಾಡುತ್ತಾರೆಯೇ? ಬೇರೆ ದಾರಿ ಏನು?

ಮಾಡಿ ನೋಡೋಣ

ನಿಮ್ಮ ಊರಿಗೆ ಹತ್ತಿರದ ಮೈಲಿಗಲ್ಲಿಗೆ ಹೋಗಿ. ಅದರ ಮೇಲೆ ಇರುವುದನ್ನು ಓದಿ. ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ದೊಡ್ಡದಾಗಿ ಬರೆಯಿರಿ: 108.